ನನ್ನ ತಮಿಳು, ಅಕ್ಕನ ಹಿಮ್ಮಡಿ

ಐದನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಒಂದೇ ಒಂದು ವಿದ್ಯೆಯ ಹೆಮ್ಮೆ ಇತ್ತು: ತಮಿಳು. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ಲೋಡು ಇಳಿಸಿ ಕಲಿತದ್ದು. ಎಡಕ್ಕೆ, ಬಲಕ್ಕೆ, ಮೆಲ್ಲಗೆ, ಟೀ ಬಂತು. ಇಷ್ಟು ಬಂದರೆ ಭಾಷೆ ಬಂದಂತೆ ಎಂದುಕೊಂಡಿದ್ದೆ. ಅಡ್ಯಾರಿನ ಮನೆಯೊಂದರ ಅಡುಗೆ ಕೆಲಸಕ್ಕೆಂದು ಮಂಡ್ಯದ ಕಡೆಯಿಂದ ಬಂದು ನನ್ನ ಜೊತೆಗಿದ್ದ ಅಕ್ಕನೂ ಅದನ್ನೇ ನಂಬಿದ್ದಳು.

ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗೆ ಅವಳ ಹಿಮ್ಮಡಿಯಲ್ಲಿ ಮೊಳೆ ಹೊಡೆದಂತಾಗುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಕಡಿಮೆ, ಸಂಜೆಗೆ ಮತ್ತೆ ಶುರು. ದಿನವಿಡೀ ಬರಿಗಾಲಲ್ಲಿ ಕಲ್ಲುನೆಲದ ಮೇಲೆ ನಿಲ್ಲುವ ಕೆಲಸ. ಸಾಲದ್ದಕ್ಕೆ ಸಕ್ಕರೆ ಕಾಯಿಲೆ ಬೇರೆ.

ಡಾಕ್ಟರು ಪಾದ ಒತ್ತಿ ನೋಡಿ, "ಕುದಿಕಾಲ್ ವಲಿ" ಎಂದರು. ಆಮೇಲೆ ಚಪ್ಪಲಿ, ಗೋಡೆ ಎಂದೆಲ್ಲ ಏನೇನೋ ಹೇಳಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

"ಏನಂತ್ಲಾ?" ಎಂದಳು ಅಕ್ಕ.

"ಕುದಿಯೋ ನೀರಲ್ಲಿ ಕಾಲಿಡ್ಬೇಕಂತೆ ಕಣಕ್ಕ."

ತಮಿಳಿನಲ್ಲಿ ಕುದಿಕಾಲ್ ಎಂದರೆ ಹಿಮ್ಮಡಿ. ಪಾಪ, ಅವರು ಹೇಳಿದ್ದು ಹಿಮ್ಮಡಿ ನೋವು ಎಂದಷ್ಟೇ. ಅದು ನನಗೆ ಗೊತ್ತಿರಲಿಲ್ಲ; ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಕುದಿಯುವ ನೀರಿಗೆ ತುಸು ತಣ್ಣೀರು ಬೆರೆಸಿದೆ. ಅಷ್ಟು ಕರುಣೆ ನನ್ನಲ್ಲಿತ್ತು. ಅಕ್ಕ ಬಕೆಟ್ಟಿಗೆ ಕಾಲಿಳಿಸಿ, "ಬಿಸೀನೇ ಇಲ್ವಲ್ಲೋ, ಇನ್ನೊಂದ್ ಚೊಂಬು ಹುಯ್ಯಿ" ಎಂದಳು. ಹುಯ್ದೆ. ಸಕ್ಕರೆ ಕಾಯಿಲೆಯಿಂದ ಅವಳ ಪಾದಕ್ಕೆ ಬಿಸಿ ತಿಳಿಯುವುದು ಆಗಲೇ ನಿಂತುಹೋಗಿತ್ತು. ಮೂರನೆಯ ದಿನ ಅಂಗಾಲಿನ ತುಂಬ ಬೊಬ್ಬೆ.

"ಸುಡುತಣ್ಣಿ ಯಾರ್ಯಾ ಊತ್ತ ಸೊನ್ನಾ?" ಬಿಸಿನೀರು ಹಾಕಲು ಹೇಳಿದ್ದು ಯಾರು ಎಂದು ಡಾಕ್ಟರು ನನ್ನ ಮೇಲೆ ಹಾರಾಡಿದರು. ಗಾಯ ಮಾಗದಿದ್ದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಕೈಯಲ್ಲೇ ಕೊಯ್ದು ತೋರಿಸಿದರು. ಆ ದಿನ ಅವರ ತಮಿಳು ನನಗೆ ಪೂರ್ತಿ ಅರ್ಥವಾಯಿತು.

"ಯಾಕ್ಲಾ ಅಷ್ಟ್ ಬೈತಾವ್ರೆ?"

"ನಿನ್ನೇ ಬೈತಿರೋದು. ಜಾಸ್ತಿ ಹೊತ್ತು ಕಾಲಿಟ್ಟಿದ್ದೀಯಂತೆ."

ಅಷ್ಟು ಸರಾಗವಾಗಿ ನಾನು ಯಾವತ್ತೂ ಅನುವಾದ ಮಾಡಿರಲಿಲ್ಲ. ಅಕ್ಕ ಡಾಕ್ಟರಿಗೆ ಕೈ ಮುಗಿದು, "ತಪ್ಪಾಯ್ತು ಸಾಮಿ" ಎಂದಳು.

ಗಾಯ ಮಾಗಲು ಮೂರು ತಿಂಗಳು ಹಿಡಿಯಿತು. ಪಾದ ಉಳಿಯಿತು. ದಿನವೂ ನಾನೇ ಅವಳ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲು ಪರೀಕ್ಷಿಸುತ್ತಿದ್ದೆ. ಮೆತ್ತನೆಯ ಚಪ್ಪಲಿ ತಂದೆ. ಅಡುಗೆಮನೆಯೊಳಗೆ ಅದನ್ನು ಮೆಟ್ಟಲು ಅಡ್ಯಾರಿನ ಮನೆಯೊಡತಿ ಒಪ್ಪಿದರು. ಗೋಡೆಗೆ ಕೈಯೂರಿ ಮೀನಖಂಡ ಎಳೆಯುವ ವ್ಯಾಯಾಮದಿಂದ ಹಿಮ್ಮಡಿಯ ನೋವೂ ಇಳಿಯಿತು. "ತಪ್ಪು ನಂದು, ಸೇವೆ ಅವಂದು" ಎಂದು ಅಕ್ಕ ಬೀದಿಗೆಲ್ಲ ಸಾರಿದಳು. ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ.

ಕಳೆದ ತಿಂಗಳು ಪಕ್ಕದ ಮನೆಗೆ ಮೈಸೂರಿನಿಂದ ಬಂದ ಹೆಂಗಸಿಗೂ ಹಿಮ್ಮಡಿ ನೋವು. ಆಕೆಗೂ ಸಕ್ಕರೆ.

"ನನ್ ತಮ್ಮನ್ನ ಕರ್ಕೊಂಡ್ ಹೋಗಿ. ತಮಿಳು ನೀರು ಕುಡ್ದಂಗೆ ಮಾತಾಡ್ತಾನೆ" ಎಂದಳು ಅಕ್ಕ.

ಆಕೆ ಅತ್ತ ಹೋದದ್ದೇ, ತೊಡೆಯ ಮೇಲಿದ್ದ ಅಕ್ಕನ ಪಾದ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟೆ.

"ನೀರಿನ ಇಸ್ಯ ಬುಡು. ನಂಗೂ ಗೊತ್ತಾಯ್ತಿರ್ನಿಲ್ಲ. ನಾನು ಆ ಡಾಕ್ಟ್ರಿಗೆ ಕೈ ಮುಗುದ್ನಲ್ಲ, ಆಗ ನೀನೆಲ್ಲಿ ನೋಡ್ತಿದ್ದೆ?"

"ಗೋಡೆ ಮೇಲಿನ ಕ್ಯಾಲೆಂಡರ್."

ಅಕ್ಕ ಪಾದ ಎಳೆದುಕೊಂಡಳು. ಈಗ ಕೈಗನ್ನಡಿ ಹಿಡಿದು ತನ್ನ ಅಂಗಾಲು ತಾನೇ ನೋಡಿಕೊಳ್ಳುತ್ತಾಳೆ. ನಾನು ಟಾರ್ಚು ಹಿಡಿದು ದೂರ ನಿಲ್ಲುತ್ತೇನೆ. ಏನಾದರೂ ಹೇಳಹೊರಟರೆ, "ಬೆಳಕು ಬುಡು, ಬಾಯಿ ಬುಡ್ಬೇಡ" ಎನ್ನುತ್ತಾಳೆ.