ಮರ ಅಳೆಯುವವರು

ಅವರ ಅಂಗಿಗಳಿಗೆಲ್ಲ ಎದೆಯ ಮೇಲೆ ಅಡ್ಡಲಾಗಿ ಒಂದು ಕಂದು ಪಟ್ಟೆ ಇರುತ್ತಿತ್ತು. ಮರದ ಸುತ್ತ ಟೇಪು ಹಾಯಿಸಬೇಕಾದರೆ ಕಾಂಡವನ್ನು ತಬ್ಬಿಕೊಳ್ಳಬೇಕು. ತೊಗಟೆಯ ಕಲೆ ಅಲ್ಲಿಗೇ ಹತ್ತುತ್ತಿತ್ತು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಹಂಪನಕಟ್ಟೆಯ ನಮ್ಮ ಕಚೇರಿಯಲ್ಲಿ ಎಲ್ಲರೂ ಅವರನ್ನು ಅಳತೆಯವರು ಎಂದೇ ಕರೆಯುತ್ತಿದ್ದರು.

ನಮ್ಮದು ಮರ ಬೆಳೆಯುವವರ ಸಹಕಾರ ಸಂಘ. ಸದಸ್ಯರ ಗುಡ್ಡಗಳಲ್ಲಿ ಬೆಳೆದ ಅಕೇಶಿಯ, ಸಾಗುವಾನಿಯನ್ನು ಕೂಳೂರು ಸೇತುವೆಯಾಚೆಯ ಸಂಘದ ಮಿಲ್ಲಿನಲ್ಲಿ ಕೊಯ್ದು ಪೀಠೋಪಕರಣದ ಒಂದು ಕಂಪೆನಿಗೆ ಕೊಡುತ್ತಿದ್ದೆವು. ಕಂಪೆನಿಯ ಷರತ್ತು ಒಂದಿತ್ತು: ಮಿಲ್ಲು ಮತ್ತು ಲಾರಿಗಳು ಉಗುಳುವ ಇಂಗಾಲ ವರ್ಷವರ್ಷ ಇಳಿಯಬೇಕು, ಮರಗಳು ಹಿಡಿದಿಡುವ ಇಂಗಾಲ ಏರಬೇಕು. ಎರಡಕ್ಕೂ ಸಂಘ ಗುರಿ ಬರೆದುಕೊಟ್ಟಿತ್ತು. ಮರಗಳ ದಪ್ಪದಿಂದ ಇಂಗಾಲದ ಲೆಕ್ಕ ಹಾಕಿ ಕಂಪೆನಿಗೆ ವರ್ಷವರ್ಷ ವರದಿ ತಯಾರಿಸಲೆಂದೇ ನನ್ನನ್ನು ಸೇರಿಸಿಕೊಂಡಿದ್ದರು. ಗುಡ್ಡ ಹತ್ತುವುದೂ ನನ್ನ ಕೆಲಸವೆಂದು ನನಗೆ ಅನಿಸಿರಲಿಲ್ಲ.

ಅಳತೆಯವರಿಗೆ ಆಗಲೇ ಅರವತ್ತು ದಾಟಿತ್ತು. ಅವರ ಮನೆಮಾತು ತುಳು, ನನ್ನದು ಕೊಂಕಣಿ, ಕಚೇರಿಯಲ್ಲಿ ಕನ್ನಡ. ಟೇಪು ಬಿಚ್ಚುವ ಮೊದಲು ಮರವನ್ನು ಅಂಗೈಯಿಂದ ಎರಡು ಸಲ ತಟ್ಟುವುದು ಅವರ ಅಭ್ಯಾಸ. ಪುಸ್ತಕದಲ್ಲಿ ಸತ್ತ ಮರಗಳನ್ನೇ ಮೊದಲು ಬರೆಯುತ್ತಿದ್ದರು. ಯಾಕೆಂದು ಕೇಳಿದಾಗ, "ಬದುಕಿದ್ದನ್ನು ಬರೀಲಿಕ್ಕೆ ಮರೆತ್ರೆ ಯಾರಾದ್ರೂ ಜಗಳಕ್ಕೆ ಬರ್ತಾರೆ. ಸತ್ತದ್ದನ್ನು ಮರೆತ್ರೆ ಎಲ್ಲರಿಗೂ ಖುಷಿ ಮಾರಾಯ್ತಿ, ಯಾರೂ ಕೇಳುದಿಲ್ಲ" ಅಂದಿದ್ದರು.

ನಾನು ಸೇರಿದ ಎರಡನೆಯ ವರ್ಷ ಅವರು ಕಾಲು ಉಳುಕಿ ರಜೆಯಲ್ಲಿದ್ದರು. ವರದಿ ಕೊಡುವ ದಿನ ಹತ್ತಿರ ಬಂದಿತ್ತು. ಒಂದು ಗುಡ್ಡದ ಅಳತೆ ಆಗಿರಲಿಲ್ಲ. ನಾನು ಹಿಂದಿನ ವರ್ಷದ ಸಂಖ್ಯೆಗಳಿಗೆ ಸ್ವಲ್ಪ ಬೆಳವಣಿಗೆ ಸೇರಿಸಿ ತುಂಬಿಸಿಬಿಟ್ಟೆ. ರಜೆ ಮುಗಿಸಿ ಬಂದವರು ಆ ಹಾಳೆಯ ಮೇಲೆ ಬೆರಳಿಟ್ಟರು.

"ಇದು ಯಾರು ಅಳೆದದ್ದು?"

"ಯಾರೂ ಇಲ್ಲ. ಅಂದಾಜು ಹಾಕಿದೆ."

"ನಾಳೆ ಬರ್ತೀಯಾ? ಏಳು ಗಂಟೆಗೆ ಬಸ್ಸುಂಟು."

ಗುಡ್ಡ ಬೇಸಿಗೆಯಲ್ಲೇ ಸುಟ್ಟುಹೋಗಿತ್ತು. ಅದರ ಯಜಮಾನರು ದುಬೈಯಲ್ಲಿದ್ದರು. ಸಂಘಕ್ಕೆ ತಿಳಿಸುವವರು ಇರಲಿಲ್ಲ. ಕರಿಹಿಡಿದ ಬುಡಗಳ ನಡುವೆ ಮಳೆಗಾಲದ ಹುಲ್ಲು ಚಿಗುರಿತ್ತು. ಹಾಳೆಯಲ್ಲಿ ನಾನು ದಪ್ಪ ಹೆಚ್ಚಿಸಿಟ್ಟಿದ್ದ ಮರಗಳು ಇವೇ. ಅಳತೆಯವರು ಬೈಯಲಿಲ್ಲ. ಮಜ್ಜಿಗೆಯ ಬಾಟಲಿ ತೆಗೆದು ಮೊದಲು ನನಗೆ ಕೊಟ್ಟರು. ಆಮೇಲೆ ಇಬ್ಬರೂ ಸಂಜೆಯವರೆಗೆ ಬುಡಗಳನ್ನು ಎಣಿಸಿದೆವು.

ವರದಿ ಇನ್ನೂ ಕಳಿಸಿರಲಿಲ್ಲ. ನಿಜವಾದ ಸಂಖ್ಯೆ ಹಾಕಿದರೆ ಆ ವರ್ಷದ ಗುರಿ ತಪ್ಪುತ್ತಿತ್ತು. ಅಧ್ಯಕ್ಷರು ಇಬ್ಬರನ್ನೂ ಒಳಗೆ ಕರೆದರು. "ಕಂಪೆನಿಯವರು ಗುಡ್ಡ ಹತ್ತಿ ನೋಡ್ಲಿಕ್ಕೆ ಬರ್ತಾರಾ? ಈ ವರ್ಷಕ್ಕೊಂದು ಹೀಗೇ ಹೋಗ್ಲಿ. ಮಿಲ್ಲಿನಲ್ಲಿ ನಿಮ್ಮ ತಮ್ಮನೂ ಇದ್ದಾರಲ್ಲ."

"ಇದ್ದಾನೆ" ಅಂದರು ಅಳತೆಯವರು. "ಮರ ಇಲ್ಲ."

"ಮೊದಲಿನ ಹಾಳೆಯಲ್ಲಿ ಇತ್ತಲ್ಲ? ಅದನ್ನು ಮಾಡಿದ್ದು ಯಾರು?"

ಅಳತೆಯವರು ನನ್ನ ಕಡೆ ನೋಡಲೂ ಇಲ್ಲ. "ಅದು ನಾನು ಅಳೆಯದೆ ಬಿಟ್ಟ ಗುಡ್ಡ. ಈಗ ಅಳೆದಿದ್ದೇವೆ."

ಮಹಾಸಭೆಯಲ್ಲಿ ಎದ್ದು ನಿಂತು ಅವರೇ ಗುರಿ ತಪ್ಪಿದ್ದನ್ನು ಹೇಳಿದರು. ಹಿಂದಿನ ಸಾಲಿನಿಂದ ಯಾರೋ, "ಇವರಿಗೆ ಎಂತ ಹೋಗ್ತದೆ!" ಎಂದು ಕೂಗಿದರು. ಹೋದದ್ದು ಅವರ ಮನೆಯದೇ. ಕಂಪೆನಿ ಖರೀದಿ ಅರ್ಧಕ್ಕೆ ಇಳಿಸಿತು, ಮಿಲ್ಲು ವಾರಕ್ಕೆ ಮೂರೇ ದಿನ ಓಡಿತು. ಅವರ ತಮ್ಮ ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದರು. ಒಂದೇ ಅಂಗಳದ ಎರಡು ಮನೆ. ಅಣ್ಣತಮ್ಮಂದಿರ ನಡುವೆ ವರ್ಷಕ್ಕೂ ಹೆಚ್ಚು ಕಾಲ ಮಾತಿರಲಿಲ್ಲ.

ಅಳತೆಯವರು ಆ ವಿಷಯ ಎತ್ತುತ್ತಿರಲಿಲ್ಲ. ಮಿಲ್ಲಿಗೆ ಹೋಗಿ, ಹಲಗೆ ಒಣಗಿಸುವ ಡೀಸೆಲ್ ಗೂಡು ಬೇಸಿಗೆಯಲ್ಲಿ ಯಾಕೆ ಎಂದು ಕೇಳಿ, ಬಿಸಿಲಿನ ಶೆಡ್ಡು ಹಾಕಿಸಿದರು. ಲಾರಿಗಳು ಖಾಲಿ ಮರಳುವುದನ್ನು ತಪ್ಪಿಸಿದರು. ಸುಟ್ಟ ಗುಡ್ಡದಲ್ಲಿ ಅಕೇಶಿಯದ ಬದಲು ಹೆಬ್ಬಲಸು, ಧೂಪದಂಥ ನಮ್ಮ ಕಾಡಿನ ಮರಗಳನ್ನು ನೆಡಿಸಿದರು. ಕಂಪೆನಿ ನಿಧಾನವಾಗಿ ಮರಳಿತು, ಪೂರ್ತಿಯಾಗಿ ಅಲ್ಲ. ಅವರ ತಮ್ಮ ಮಾತ್ರ ಮಿಲ್ಲಿಗೆ ಹಿಂದಿರುಗಲಿಲ್ಲ. ಆದರೆ ಅಣ್ಣ ಪಾರ್ಶ್ವವಾಯುವಿನಿಂದ ಬಿದ್ದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು ಅವರೇ.

ನಾನು ನೋಡಲು ಹೋದಾಗ ಅಳತೆಯವರ ಮಾತು ತೊದಲುತ್ತಿತ್ತು. "ಹೆಬ್ಬಲಸು ಎಷ್ಟು ಉಳಿದಿದೆ?" ಎಂದು ಕೇಳಿದರು.

"ಹೆಚ್ಚಿನದೆಲ್ಲ ಉಂಟು."

"ನೋಡಿದ್ದಾ?"

"ಇಲ್ಲ."

"ಹಾಗಾದ್ರೆ ಗೊತ್ತಿಲ್ಲ ಅಂತ ಹೇಳು."

ಮರುದಿನ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಆ ಗುಡ್ಡಕ್ಕೆ ಹೋದೆ. ಸಾಲುಸಾಲಾಗಿ ನಡೆದು ಗಿಡ ಎಣಿಸಿದೆ. ಕೆಳಗಿಳಿಯುವಾಗ ಅವರ ತಮ್ಮನ ಫೋನ್ ಬಂತು. ಅಣ್ಣ ಹೋಗಿ ಅರ್ಧ ಗಂಟೆಯಾಯಿತು ಎಂದರು.

"ಮುನ್ನೂರ ಹದಿನಾಲ್ಕು ಹೆಬ್ಬಲಸು ಬದುಕಿವೆ" ಅಂದೆ. "ಅವರು ಕೇಳಿದ್ದರು."

"ನೀವೇ ಎಣಿಸಿದ್ದಾ?" ಎಂದು ಕೇಳಿದರು.

"ಹೌದು" ಎಂದೆ.