ಅವ್ವ ಒಯ್ದ ಚೀಟಿ

ಅವ್ವನಿಗೆ ಬೆನ್ನು ನೋವು ಶುರುವಾದಾಗ ಎದೆಯ ಗಂಟು ತೆಗೆಸಿ ವರ್ಷವಾಗಿತ್ತು. ಕೊಡ ಎತ್ತಿದ್ದಕ್ಕೆ ಹಿಡಿದುಕೊಂಡಿದೆ ಎಂದುಕೊಂಡು ಎಣ್ಣೆ ತಿಕ್ಕಿದೆವು.

ಸ್ಕ್ಯಾನ್ ಬೇರೆಯೇ ಹೇಳಿತು. ಬೆನ್ನೆಲುಬು. ಲಿವರ್.

"ಗಂಟು ತೆಗದೀರಲ್ರೀ ಡಾಕ್ಟ್ರ, ಅಲ್ಲಿಗೆ ಹೆಂಗ ಹೋತು?" ಎಂದೆ. ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಕೋಶದ ಪಾಠ ಮಾಡುವವಳು ನಾನು. ಕೇಳಿದ್ದು ಮಾತ್ರ ಏನೂ ಓದದವಳ ಹಾಗೆ.

"ತೆಗಿಯೂದಕ್ಕಿಂತ ಮೊದಲೇ ಕೆಲವು ಸೆಲ್ ರಕ್ತದಾಗ ಹೊಂಟಿದ್ವು ಮೇಡಂ. ಸೆಲ್‌ಗಳು ಪ್ರೋಟೀನ್ ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಸ್ತಾವ. ಬೆಳಿ, ನಿಲ್ಲು, ಸಾಯಿ ಅಂತ. ಕ್ಯಾನ್ಸರ್ ಸೆಲ್ 'ಬೆಳಿ' ಅನ್ನೋದಷ್ಟೇ ಕೇಳ್ತದ. ಸಣ್ಣ ಸಣ್ಣ ಚೀಲಾನೂ ಹೊರಗ ಬಿಡ್ತಾವ. ಅವು ಕಸ ಅಂತಿದ್ವಿ. ಈಗ ಅದರಾಗೂ ಸುದ್ದಿ ಇರಬೇಕು ಅಂತಾರ. ಇನ್ನೂ ಪೂರಾ ಗೊತ್ತಿಲ್ರೀ."

"ಔಷಧ?"

"ಕಿಮೋ ಕೊಡೋಣ. ಆರಾಮ ಆಗ್ತದ ಅಂತ ಹೇಳಂಗಿಲ್ಲ."

ಅವ್ವನಿಗೆ ಹೇಳಬಾರದೆಂದು ನಾನೂ ತಂಗಿ ಶಾಂತಾಳೂ ಗಟ್ಟಿ ಮಾಡಿಕೊಂಡೆವು. ಕಿಮೋ ಇದ್ದಾಗ ಅವ್ವ ಕಲಬುರಗಿಯ ಶಹಾಬಜಾರದ ನನ್ನ ಮನೆಯಲ್ಲಿ. ಉಳಿದ ದಿನ ಕಮಲಾಪುರದಲ್ಲಿ ಶಾಂತಾಳ ಹತ್ತಿರ. ನನಗೆ ರಜೆ ಸಿಗದು, ಪರಿಚಯದ ಕಂಡಕ್ಟರನಿಗೆ ಒಪ್ಪಿಸಿ ಬಸ್ಸು ಹತ್ತಿಸುತ್ತಿದ್ದೆ. ಆಗ ಶಾಂತಾಳಿಗೆ ಫೋನು ಇದ್ದದ್ದು ಪಕ್ಕದ ಮನೆಯಲ್ಲಿ. ಅಲ್ಲಿ ಮಾತಾಡಿದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಅದಕ್ಕೆ ಡಾಕ್ಟರ್ ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದು, ಅವ್ವ ಒಯ್ಯುವ ಬುತ್ತಿಗಂಟಿನಲ್ಲಿ ರೊಟ್ಟಿಯ ಕೆಳಗೆ ಇಡುತ್ತಿದ್ದೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ನಮ್ಮ ಜಾಣತನ ಅಷ್ಟು!

ನಾಲ್ಕನೆಯ ಕಿಮೋ ಮುಗಿದು ಬುತ್ತಿ ಕಟ್ಟುತ್ತಿದ್ದೆ. ಅವ್ವ ಕೈ ಹಿಡಿದಳು.

"ಈ ಸರ್ತಿ ಏನು ಬರದೀ? ನೀನೇ ಓದಿ ಹೇಳು."

ರೊಟ್ಟಿಯ ಕೆಳಗಿನ ಚೀಟಿ ಹೊರತೆಗೆದೆ.

ಎರಡನೆಯ ಕಿಮೋ ಮುಗಿಸಿ ಹೋಗುವಾಗ ಬಸ್ಸಿನಲ್ಲಿ ಹಸಿವಾಗಿ ಬುತ್ತಿ ಬಿಚ್ಚಿದ್ದಳಂತೆ. ಚೀಟಿಯನ್ನು ಕಂಡಕ್ಟರನಿಂದ ಓದಿಸಿದ್ದಳು. ಅವನು ಅರ್ಧಕ್ಕೇ ನಿಲ್ಲಿಸಿ, "ಮುಂದಿನ ಅಕ್ಷರ ತಿಳಿಯವಲ್ದು ಯವ್ವಾ" ಎಂದು ಮಡಚಿ ಕೊಟ್ಟನಂತೆ. ಅವಳು ಅದನ್ನು ಮತ್ತೆ ರೊಟ್ಟಿಯ ಕೆಳಗಿಟ್ಟು ಶಾಂತಾಳಿಗೆ ಮುಟ್ಟಿಸಿದ್ದಳು.

"ಗೊತ್ತಿದ್ದೂ ಮತ್ಯಾಕ ಎರಡು ಕಿಮೋ ತಗೊಂಡಿ ಅವ್ವಾ?"

"ಬ್ಯಾಡ ಅಂದಿದ್ರ, ನನಗ ಗೊತ್ತಾಗೇದಂತ ನಿಮಗ ತಿಳೀತಿತ್ತಲ್ಲ."

ಚೀಟಿ ಓದಿದೆ. ಒಂದಕ್ಷರ ಬಿಡದೆ. ಅವಳು "ಹೂಂ, ಸಾಕಿನ್ನು ಸೂಜಿ" ಎಂದಳು.

ಆಮೇಲೆ ಒಂದೂವರೆ ತಿಂಗಳು ಕಮಲಾಪುರದಲ್ಲಿದ್ದಳು. ಅವಳ ನೋವಿನ ಬಗ್ಗೆ, ಸಾವಿನ ಬಗ್ಗೆ ಮೂವರೂ ಬಾಯ್ಬಿಟ್ಟು ಮಾತಾಡಿದೆವು. ಅಷ್ಟಾದರೂ ಸಿಕ್ಕಿತು ಎಂದು ಕೈ ಮುಗಿಯುತ್ತೇನೆ. ಆದರೆ ಅವಳು ಬಕೆಟ್ಟಿನ ಮುಂದೆ ಕುಳಿತು ವಾಂತಿ ಮಾಡಿಕೊಂಡ ಆ ಎರಡು ಕಿಮೋಗಳಿಗೆ ಮಾತ್ರ ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ "ಹೋಗ್ಲಿ ಬಿಡು" ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.