ಮದುವೆಗೆ ಹೋದ ರಾಣಿಯ ಒಡವೆ

ನನ್ನ ಯಜಮಾನರು ತೀರಿಕೊಂಡಾಗ ನನ್ನ ಪಾಲಿಗೆ ಉಳಿದದ್ದು ಗುಬ್ಬಿಯ ಹೆಂಚಿನ ಮನೆ ಮತ್ತು ಅವರು ಕಟ್ಟಿದ ನಾಟಕ ಕಂಪನಿ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. "ಹೆಂಗ್ಸು ಕಂಪ್ನಿ ನಡೆಸೋದುಂಟಾ? ಮಾರ್ ಬುಡು" ಎಂದು ನೆಂಟರೆಲ್ಲ ಸರದಿಯ ಮೇಲೆ ಬಂದು ಬುದ್ಧಿ ಹೇಳಿದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಅವರು ಮಾರು ಅಂದರಲ್ಲ ಅಂತಲೇ ಮಾರಲಿಲ್ಲ.

ಆ ವರ್ಷಗಳು ಈಗ ನೆನಪಾದರೆ ಮೊದಲು ಕಾಣುವುದು ಮಧ್ಯಾಹ್ನದ ಖಾಲಿ ಥಿಯೇಟರು. ತಗಡಿನ ತೂತುಗಳಿಂದ ಬಿಸಿಲು ಇಳಿದು ಅರಮನೆಯ ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅಲುಗುತ್ತಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಒಬ್ಬಳೇ ಕೂತು ಅದನ್ನೇ ನೋಡುತ್ತಿದ್ದೆ. ಬಣ್ಣವಿಲ್ಲ, ಹಾರ್ಮೋನಿಯಂ ಇಲ್ಲ, ಆದರೂ ಆ ಹೊತ್ತಿನಲ್ಲಿ ಬಟ್ಟೆಯ ಅರಮನೆಯೇ ನಿಜ, ಹೊರಗಿನ ಬಸ್ಸು ಲಾರಿಗಳ ಸದ್ದೇ ಸುಳ್ಳು ಅನ್ನಿಸುತ್ತಿತ್ತು. ರಾಣಿ ಪಾರ್ಟಿನವಳು ಹಳೇ ಸೀರೆಯಲ್ಲಿ ಬಂದು "ಕಾಫಿ ಆಯ್ತಾ ಅಮ್ಮ?" ಅಂದಾಗಲೇ ನನಗೆ ಎಚ್ಚರವಾಗುತ್ತಿದ್ದದ್ದು.

ಎಂಬತ್ತರ ದಶಕದಲ್ಲಿ ತುಮಕೂರಿನವರು ಶಾಲು ಹೊದಿಸಿ ನನ್ನನ್ನು ದೊಡ್ಡ ದಾನಿ ಎಂದರು. ಶಾಲೆಗೆ ಮಾಡಿಸಿದ ಬೆಂಚು, ಆಸ್ಪತ್ರೆಗೆ ಕೊಟ್ಟ ಮಂಚ ಎಲ್ಲವನ್ನೂ ಮೈಕಿನಲ್ಲಿ ಓದಿದರು. ನನಗೆ ಪ್ರೀತಿಯದಾಗಿದ್ದ ಒಂದನ್ನು ಮಾತ್ರ ಯಾರೂ ಓದಲಿಲ್ಲ, ಏಕೆಂದರೆ ಅದು ದಾನವಲ್ಲ, ಎರವಲು. ಕ್ಯಾಂಪು ಹಾಕಿದ ಊರಿನ ಸುತ್ತಮುತ್ತ ಬಡವರ ಮನೆಯಲ್ಲಿ ಮದುವೆಯಾದರೆ, ನಾಟಕದ ಗಿಲೀಟು ಒಡವೆಗಳನ್ನು ಹೆಣ್ಣಿಗೆ ಹಾಕಲು ಕೊಡುತ್ತಿದ್ದೆ. ಷರತ್ತು ಎರಡೇ. ಇದು ನಾಟಕದ್ದು ಎಂದು ಗಂಡಿನ ಕಡೆಯವರಿಗೆ ಮೊದಲೇ ಹೇಳಿರಬೇಕು, ಸಂಜೆಯ ಆಟಕ್ಕೆ ಮುಂಚೆ ಒಡವೆ ವಾಪಸು ಬರಬೇಕು.

ಒಂದು ವರ್ಷ ಕ್ಯಾಂಪು ತುಮಕೂರಿನ ಶಿರಾ ಗೇಟಿನ ಹತ್ತಿರ ಇತ್ತು. ಕೊತ್ತಗೆರೆಯ ಕಡೆಯ ರೈತನೊಬ್ಬ ಮಗಳನ್ನು ಕರೆದುಕೊಂಡು ಬಂದ. "ಎಲ್ಡು ಸರ ಕೊಟ್ರೆ ಸಾಕು ಅಮ್ಮಾವ್ರೆ" ಅಂದ. ನಾನು ಹುಡುಗಿಯ ಮುಖ ನೋಡಿದೆ. ಅಬ್ಬಾ, ಏನು ಲಕ್ಷಣ! ಕಂಪನಿ ನಡೆಸುವವಳ ಚಪಲ ಸುಮ್ಮನಿರುತ್ತದೆಯೇ? ಮದುವೆಯ ಬೆಳಗ್ಗೆ ಪೆಟ್ಟಿಗೆ ಹೊರಿಸಿಕೊಂಡು ನಾನೇ ಅವರ ಮನೆಗೆ ಹೋದೆ. ಕಾಸಿನ ಸರ, ವಂಕಿ, ಜಡೆಬಿಲ್ಲೆ, ಸೊಂಟಕ್ಕೆ ರಾಣಿಯ ಡಾಬು, ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಹೇರಿದೆ. ಹುಡುಗಿ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, ಕನಸಿನಲ್ಲಿ ನಡೆಯುವವಳಂತೆ ಚಪ್ಪರಕ್ಕೆ ಹೋದಳು. ಕೊನೆಯ ಬೆಂಚಿನವನಿಗೂ ಕಾಣುವಂತೆ ಸಿಂಗರಿಸಿ ರೂಢಿಯಾದ ಕೈ ನನ್ನದು, ಅಷ್ಟು ಸಣ್ಣ ಚಪ್ಪರಕ್ಕೆ ಅದು ಅತಿಯಾಯಿತು ಎಂದು ಹೊಳೆಯಲೇ ಇಲ್ಲ.

ಧಾರೆ ಮುಗಿಯಿತು. ಗಂಡಿನ ತಾಯಿ, ಹುತ್ರಿದುರ್ಗದ ಕಡೆಯ ಗಟ್ಟಿ ದನಿಯ ಹೆಂಗಸು, ಡಾಬನ್ನು ಮುಟ್ಟಿ ನೋಡಿ ಎಲ್ಲರಿಗೂ ಕೇಳುವಂತೆ, "ಒಂದೂ ಬಿಚ್ಬ್ಯಾಡ ಕಣವ್ವ. ಹಿಂಗೇ ನಮ್ಮನೆಗೆ ಬಾ" ಎಂದಳು. ಹುಡುಗಿಯ ಅಪ್ಪ ತಲೆ ತಗ್ಗಿಸಿದ. ಅವನನ್ನು ಚಪ್ಪರದ ಹಿಂದಕ್ಕೆ ಕರೆದು, "ಹೇಳಿರ್ಲಿಲ್ವೇನಯ್ಯ?" ಎಂದು ಹಲ್ಲು ಕಡಿದೆ.

"ಎಲ್ಡೇ ಸರ ಅಲ್ವಾ, ಯಾರ್ ಕೇಳ್ತಾರೆ ಅಂತ ಸುಮ್ಕಾದೆ. ನೀವು ಇಷ್ಟೊಂದು ಹಾಕ್ಬುಟ್ರಿ" ಎಂದು ಅವನು ಅಳುವುದೊಂದು ಬಾಕಿ.

ಈಗ ಒಡವೆ ಕೇಳಿದರೆ ಹುಡುಗಿಗೆ ತುಂಬಿದ ಚಪ್ಪರದಲ್ಲಿ ಅವಮಾನ. ಕೇಳದಿದ್ದರೆ, ನಾಳೆಯೋ ನಾಡಿದ್ದೋ ಅಕ್ಕಸಾಲಿ ಉಜ್ಜಿ ನೋಡಿದ ದಿನ ಮೋಸಗಾರ್ತಿ ಎಂದು ತವರಿಗೆ ಅಟ್ಟುತ್ತಾರೆ. ಎರಡಕ್ಕೂ ನನ್ನ ಕೈಚಳಕವೇ ಕಾರಣ. ಖಾಲಿ ಪೆಟ್ಟಿಗೆ ಹಿಡಿದುಕೊಂಡು ತುಮಕೂರಿನ ಬಸ್ಸು ಹತ್ತಿದೆ.

ಸಂಜೆ ರಾಣಿ ಪಾರ್ಟಿನವಳು ಸಿಟ್ಟಿನಿಂದ ಕುಣಿದಾಡಿಬಿಟ್ಟಳು. "ಬರೀ ಕೊರಳಲ್ಲಿ ಸಿಂಹಾಸನದ ಮೇಲೆ ಹೆಂಗ್ ಕೂತ್ಕೊಳ್ಲಿ ಅಮ್ಮ?"

"ಪ್ರಜೆಗಳಿಗೆ ಬಿಚ್ಚಿ ಕೊಟ್ಟೆ ಅಂತ ಒಂದ್ ಮಾತು ಸೇರ್ಸೇ, ನಿನ್ನ ಬಾಯೇನು ಸಣ್ಣದಾ?" ಎಂದು ಗದರಿದೆ. ಅವಳು ಹಾಗೇ ಹೇಳಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ನನಗೆ ಕಣ್ಣ ಮುಂದೆ ಬರುತ್ತಿದ್ದದ್ದು ಆ ಮದುಮಗಳೇ.

ಆಮೇಲೆ ಎಷ್ಟೋ ದಿನ ನಾನು ಅರೆ ಎಚ್ಚರದಲ್ಲೇ ಓಡಾಡಿದೆ. ಮಾರ್ಕೆಟ್ಟಿನಲ್ಲಿ ಅರಿಶಿನದ ಸೀರೆಯವಳು ಎದುರಾದರೆ ಅವಳೇ ಅನ್ನಿಸುತ್ತಿತ್ತು. ಅಕ್ಕಸಾಲಿಯ ಅಂಗಡಿಯ ಮುಂದೆ ಹೆಜ್ಜೆ ಏಳುತ್ತಿರಲಿಲ್ಲ. ಹುತ್ರಿದುರ್ಗದ ಕಡೆ ಹೋಗಿ ಗಂಡಿನ ತಾಯಿಗೆ ನಿಜ ಹೇಳಿಬಿಡೋಣ ಎಂದು ಎರಡು ಸಲ ಕುಣಿಗಲ್ ಬಸ್ಸಿನಲ್ಲಿ ಕೂತು, ಎರಡು ಸಲವೂ ಇಳಿದುಬಿಟ್ಟೆ. ಎಂಥ ಹೇಡಿ ನಾನು!

ಕ್ಯಾಂಪು ಮುಗಿಸಿ ಗುಬ್ಬಿಗೆ ಬಂದ ಮೇಲೆ, ಒಂದು ಬೆಳಗ್ಗೆ ಬಾಗಿಲಲ್ಲಿ ಆ ಗಂಡಿನ ತಾಯಿ ನಿಂತಿದ್ದಳು, ಒಬ್ಬಳೇ, ಕೈಯಲ್ಲಿ ಚೀಲ.

"ತಪ್ಪೆಲ್ಲ ನಂದು, ಆ ಹುಡುಗೀದೇನೂ ಇಲ್ಲ" ಎಂದು ಅವಳು ಬಾಯಿ ತೆರೆಯುವ ಮೊದಲೇ ಬಡಬಡಿಸಿದೆ.

"ಯಾಕಿಂಗೆ ಬೆವರ್ತಿದೀರಾ, ಕೂತ್ಕಳ್ಳಿ ಅಮ್ಮಾವ್ರೆ" ಎಂದು ಅವಳು ಚಾಪೆಯ ಮೇಲೆ ಒಡವೆ ಸುರಿದಳು. "ಮದ್ವೆ ದಿನ್ವೇ ನಂಗೆ ಗೊತ್ತಾಯ್ತು. ಕುಣಿಗಲ್ ಕ್ಯಾಂಪಲ್ಲಿ ನಿಮ್ ನಾಟ್ಕ ನಾಕ್ ಸಲ ನೋಡಿದೀನಿ. ಆ ಡಾಬು ಗುರ್ತು ಸಿಗಲ್ವಾ?"

"ಮತ್ತೆ ಒಂದೂ ಬಿಚ್ಬೇಡ ಅಂದ್ರಲ್ಲ!"

"ನಮ್ಮೋರೆಲ್ಲ ಆ ಮಗು ಮೈಮ್ಯಾಲೇ ಕಣ್ ಮಡಿಕ್ಕಂಡಿದ್ರು. ಅಲ್ಲೇ ಬಿಚ್ಚಿದ್ರೆ ಸುಮ್ಕೆ ಬುಡೋರಾ? ಅದ್ಕೇ ಅಂಗಂದೆ. ಮನೆಗೆ ಬಂದೇಟ್ಗೆ ನಾನೇ ಬಿಚ್ಚಿಸಿ ಬೀರುಗೆ ಬೀಗ ಹಾಕ್ದೆ. ಯಾರಾದ್ರೂ ಕೇಳಿದ್ರೆ ನಮ್ಮತ್ತೆ ಕಿತ್ಕಂಡವ್ಳೆ ಅನ್ನು ಅಂತ ಸೊಸೆಗೆ ಹೇಳಿಕೊಟ್ಟಿದೀನಿ. ಈಗ ಊರೆಲ್ಲ ನನ್ನೇ ದುರಾಸೆ ಮುಂಡೆ ಅಂತವ್ರೆ, ಅನ್ಲಿ ಬುಡಿ."

ನಾನೂ ಅವಳನ್ನು ಹಾಗೆಯೇ ಅಂದುಕೊಂಡಿದ್ದೆನಲ್ಲ! ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನನ್ನ ಕೊರಳಿನ ಚಿನ್ನದ ಸರ ತೆಗೆದು, ಇದನ್ನಾದರೂ ಸೊಸೆಗೆ ಕೊಡಿ, ನಿಜವಾದದ್ದು ಎಂದು ಅವಳ ಕೈಗಿಟ್ಟೆ. ಅವಳು ಅದನ್ನು ತಿರುಗಿ ನನ್ನ ಕೊರಳಿಗೇ ಹಾಕಿ, ಕೊಕ್ಕೆ ಸಿಕ್ಕಿಸಿದಳು.

"ಅವ್ಳಿಗ್ಯಾಕೆ ಇದು? ನಾನಿದೀನಲ್ಲ" ಎಂದಳು.

ಯಜಮಾನರು ಹೋದಾಗಲೂ ನಾಲ್ಕು ಜನರೆದುರು ಅಳದಿದ್ದ ನಾನು, ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ.